ಹದಿಮೂರನೇ ಜೋಡಿ

ಮೊನ್ನೆ ಮೇ ತಿಂಗಳ ಉರಿಬಿಸಿಲಿನಲ್ಲಿ ಕಾರವಾರದ ಕೋಡಿಬಾಗದಲ್ಲಿ ರಸ್ತೆ ಬದಿ ನೆಲ ಅಗೆದು ಹಳೇ ಟೆಲಿಫೋನ್ ಕೇಬಲ್ ಎಳೆಯುತ್ತಿದ್ದರು. ಗುಜರಿಗಂತೆ. ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ಮೂಗಿಗೆ ಸೀಮೆಎಣ್ಣೆ ಮತ್ತು ಜೆಲ್ಲಿಯ ವಾಸನೆ ಒಟ್ಟಿಗೇ ಬಂತು. ಜೆಲ್ಲಿ ಅಂದರೆ ತಿನ್ನುವ ಜೆಲ್ಲಿಯಲ್ಲ. ನೆಲದಡಿಯ ಕೇಬಲಿನೊಳಗೆ ನೀರು ಇಳಿಯದಿರಲಿ ಅಂತ ತುಂಬುವ ಹಳದಿ ಅಂಟು ಅದು. ಕೈಗೆ ಮೆತ್ತಿದರೆ ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆ ಬಟ್ಟೆಯಲ್ಲೇ ಒರೆಸಬೇಕು. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ಆ ವಾಸನೆ ಹಿಡಿದುಕೊಂಡು ಸೀದಾ ಅಂಕೋಲೆಯ ಆ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ. ಅಲ್ಲಿಗೆ ಹೋಗುವುದು ನನಗೆ ಇಷ್ಟವಿಲ್ಲ. ಏಳೆಂಟು ವರ್ಷದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ.

ಆಗ ನಾನು ಟೆಲಿಫೋನ್ ಇಲಾಖೆಗೆ ಹೊಸದಾಗಿ ಸೇರಿದ ಕಿರಿಯ ಅಧಿಕಾರಿ. ಮನೆ ಕದ್ವಾಡದಲ್ಲಿ, ಕೆಲಸ ಅಂಕೋಲೆಯಲ್ಲಿ. ಬೆಳಿಗ್ಗೆ ಆಯಿ, ನನ್ನ ಅಮ್ಮ, ಕಟ್ಟಿಕೊಟ್ಟ ಡಬ್ಬಿ ಹಿಡಿದು ಕಾರವಾರಕ್ಕೆ ಬಂದು, ಅಲ್ಲಿಂದ ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲೆ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಛತ್ರಿ ಇದ್ದೂ ಅರ್ಧ ಒದ್ದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಇಂಜಿನಿಯರಿಂಗ್ ಓದಿದ್ದೇನೆ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು. ಅದೆಷ್ಟಿತ್ತು ಅಂತ ನೆನಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ಮಳೆಗಾಲ ಮಂಜಗುಣಿಯಲ್ಲಿ ಒಂದು ಪ್ರಯೋಗ ಮಾಡಬೇಕು ಅಂತ ಮೇಲಿನಿಂದ ಆದೇಶ ಬಂತು. ಗಂಗಾವಳಿ ನದಿ ಸಮುದ್ರ ಸೇರುವಲ್ಲಿ ಇರುವ ಊರು. ಗುಡ್ಡದ ಮರೆ, ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಹೊಸ ಕೇಬಲ್ ಹಾಕಲು ಇಲಾಖೆಗೆ ಮನಸ್ಸಿಲ್ಲ. ಇದ್ದದ್ದು ನೆಲದಡಿಯ ಹಳೇ ತಾಮ್ರದ ಕೇಬಲ್ ಒಂದೇ. ಅದರಲ್ಲೇ ಇಂಟರ್ನೆಟ್ಟಿನ ವೇಗ ಹೆಚ್ಚಿಸಬೇಕು. ಹೇಗೆ ಅಂದರೆ, ಮೊಬೈಲ್ ಟವರಿನವರ ಉಪಾಯವನ್ನು ತಂತಿಗೆ ತರುವುದು. ಟವರಿನಲ್ಲಿ ನಾಲ್ಕಾರು ಆಂಟೆನಾ ಒಟ್ಟಿಗೇ ಮಾತಾಡುತ್ತವೆ, ಗಾಳಿಯಲ್ಲಿ ಎಲ್ಲ ಕಲಸಿಹೋಗುತ್ತದೆ. ಯಾವುದು ಯಾವುದರೊಳಗೆ ಎಷ್ಟು ಬೆರೆತಿದೆ ಅಂತ ಯಂತ್ರ ಮೊದಲೇ ಕಲಿತಿರುತ್ತದೆ, ಆದ್ದರಿಂದ ಬಿಡಿಸಿಕೊಳ್ಳುತ್ತದೆ. ಕೇಬಲಿನಲ್ಲೂ ಅದೇ ಕಥೆ. ಒಂದು ಫೋನಿಗೆ ಒಂದು ಜೋಡಿ ತಂತಿ. ಐವತ್ತು ಜೋಡಿ ಒಂದೇ ಕವಚದೊಳಗೆ ಮೈಗೆ ಮೈ ಒತ್ತಿಕೊಂಡು ಮಲಗಿದಾಗ ಒಂದರ ಮಾತು ಇನ್ನೊಂದಕ್ಕೆ ಸೋರುತ್ತದೆ. ಆ ಸೋರಿಕೆಯನ್ನು ಶತ್ರು ಅನ್ನಬೇಡಿ, ಅಳೆದು ಲೆಕ್ಕ ಇಟ್ಟುಕೊಳ್ಳಿ, ಎಲ್ಲ ಜೋಡಿಗಳನ್ನೂ ಒಂದೇ ಗುಂಪು ಮಾಡಿ ಒಟ್ಟಿಗೇ ಓಡಿಸಿ ಅನ್ನುವುದು ಹೊಸ ಯಂತ್ರದ ತಂತ್ರ. ಷರತ್ತು ಒಂದೇ. ಆ ಕೇಬಲಿನಲ್ಲಿ ಇಂಟರ್ನೆಟ್ ಓಡುವ ಪ್ರತಿಯೊಂದು ಜೋಡಿಯೂ ಗುಂಪಿನೊಳಗೆ ಇರಬೇಕು. ಒಂದೇ ಒಂದು ಹೊರಗುಳಿದು ಓಡಿದರೂ ಮಿಕ್ಕವೆಲ್ಲ ಕೆಡುತ್ತವೆ.

ಕೇಬಲಿನ ಕೆಲಸಕ್ಕೆ ನನ್ನ ಜೊತೆ ಹಾಕಿದ್ದು ಬೀರಣ್ಣನನ್ನು. ಜಾಯಿಂಟರ್. ಕೇಬಲ್ ಕಡಿದಲ್ಲಿ ಒಂದೊಂದೇ ತಂತಿ ಹುಡುಕಿ ಕೂಡಿಸುವ ಕೆಲಸ ಅವರದು. ಊರು ಮಂಜಗುಣಿಯೇ. ದೀಪಾವಳಿ ಹೊತ್ತಿಗೆ ನಿವೃತ್ತಿ. ಇಲಾಖೆಯಲ್ಲಿ ಅವರ ಮಾತು ಬಂದರೆ ಸಾಕು, "ಬೀರಣ್ಣನ ಜಾಯಿಂಟಾ? ಹಾಗಾದ್ರೆ ಬಿಚ್ಚಿ ನೋಡೂದೇ ಬೇಡ" ಅನ್ನುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಮೆಮೋ ಇಲ್ಲ. ಅದನ್ನು ಅವರು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ನನಗೆ ಕೇಳಿ ಕೇಳಿ ಬೇಜಾರು. "ಗೊತ್ತಾಯ್ತು ಬೀರಣ್ಣ, ನಿಮಗೊಂದು ಮೆಡಲ್ ಕೊಡಿಸ್ತೇನೆ" ಅಂತ ಚೇಷ್ಟೆ ಮಾಡಿದರೆ, "ಮೆಡಲ್ ಬ್ಯಾಡ ಮೇಡಮ್ಮಾ, ಹೋಗೂವಾಗ ಯಾರೂ ಬೆರಳು ತೋರ್ಸದಿದ್ರೆ ಸಾಕು" ಅನ್ನುತ್ತಿದ್ದರು.

ಪ್ರಯೋಗ ಏನು ಅಂತ ವಿವರಿಸಿದಾಗ ಅವರು ತಲೆ ಕೆರೆದುಕೊಂಡರು. "ಅಲ್ರಾ, ಒಬ್ರ ಫೋನಲ್ಲಿ ಇನ್ನೊಬ್ರ ಮಾತು ಕೇಳ್ತದೆ ಹೇಳಿ ಜನ ನಂಗೆ ಬಯ್ದು ಬಯ್ದು ಇಟ್ಟಿದ್ರು. ಈ ಸೋರೂದನ್ನ ನಿಲ್ಸೂಕೆ ಜೀವಮಾನ ಹೋಯ್ತು. ಈಗ ನೀವ್ ಬಂದು ಸೋರ್ಲಿ ಬಿಡಿ ಅಂತ್ರಿ. ಎಂತಾ ಕಾಲ ಮಾರಾಯ್ರೆ!" ಆಮೇಲೆ ಬೀಡಿ ಹಚ್ಚಿ ಅವರೇ ಹೇಳಿದರು. "ನಮ್ಮ ಮೀನು ಪೇಟೆ ಇದ್ದಂಗೆ ಅಲಾ? ಎಲ್ರೂ ಒಟ್ಟಿಗೇ ಕೂಗ್ತ್ರು. ಹೊಸಬ್ರಿಗೆ ಬರೀ ಗದ್ಲ. ದಿನಾ ಹೋಗೋರಿಗೆ ಯಾರು ತಾರ್ಲೆ ಮಾರೂದು, ಯಾರು ಶೆಟ್ಲಿ ಮಾರೂದು ಹೇಳಿ ಕಣ್ ಮುಚ್ಚಿದ್ರೂ ಗೊತ್ತಾತದೆ."

ಅಷ್ಟೇ, ಅಷ್ಟೇ ಅಂದೆ ನಾನು. ನನ್ನ ಪುಸ್ತಕದ ಎರಡು ಅಧ್ಯಾಯ ಅವರು ಒಂದು ಬೀಡಿಯಲ್ಲಿ ಮುಗಿಸಿದ್ದರು.

ಜೂನ್, ಜುಲೈ ಎರಡು ತಿಂಗಳು ಆ ಕೇಬಲಿನ ಬೆನ್ನು ಹತ್ತಿ ನಡೆದೆವು. ಹೊಸ ಯಂತ್ರ ಕೂರಿಸಿದ ರಸ್ತೆ ಬದಿಯ ಪೆಟ್ಟಿಗೆಯಿಂದ ಊರಿನವರೆಗೆ ಒಂಬತ್ತು ಜಾಯಿಂಟು. ಮಳೆ ಅಂದರೆ ಎಂಥ ಮಳೆ! ಗದ್ದೆ ಬಯಲಿನ ಮೇಲೆ ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯುತ್ತಿತ್ತು. ಬೀರಣ್ಣ ತಾಡಪತ್ರಿ ಕಟ್ಟಿ, ಅದರಡಿ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ತಂತಿಗಳನ್ನು ಬೆರಳಲ್ಲೇ ಓದುತ್ತಿದ್ದರು. ಮಧ್ಯಾಹ್ನ ಅವರ ಮನೆಯಲ್ಲೇ ನನ್ನ ಡಬ್ಬಿ. ಅವರ ಹೆಂಡತಿ ಸಾವಿತ್ರಕ್ಕ ನನ್ನ ಡಬ್ಬಿಯ ಅನ್ನ ನೋಡಿ, "ಇದೆಂತ ಗುಬ್ಬಿ ಊಟ" ಅಂತ ಬಿಸಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಬಡಿಸುತ್ತಿದ್ದರು. ತಿಂಗಳೊಳಗೆ ಬೀರಣ್ಣನ ಬಾಯಲ್ಲಿ ಮೇಡಮ್ಮ ಹೋಗಿ ತಂಗಿ ಬಂತು. ಯಾರಾದರೂ ಸಾಹೇಬರು ಎದುರಿದ್ದರೆ ಮಾತ್ರ ಮತ್ತೆ ಮೇಡಮ್ಮ.

ನಕ್ಷೆಯಲ್ಲಿ ಇಂಟರ್ನೆಟ್ ಇದ್ದದ್ದು ಹನ್ನೆರಡು ಮನೆ, ಹನ್ನೆರಡು ಜೋಡಿ. ಒಂದು ದಿನ ಬೀರಣ್ಣ ಬೀಡಿ ಕಟ್ಟಿನ ಕಾಗದದ ಹಿಂದೆ ಒಂದು ನಂಬರು ಬರೆದುಕೊಟ್ಟರು. "ತಂಗಿ, ಇದು ಹದಿಮೂರನೇದು. ಶಾಲೆದು. ನಕ್ಷೆಲಿ ಇಲ್ಲ. ಒಂದ್ ವರ್ಷ ನೆರೆ ಬಂದು ಅವ್ರ ಕೇಬಲ್ ಕೊಚ್ಚಿ ಹೋದಾಗ ನಾನೇ ಇದ್ರಲ್ಲಿ ಒಂದು ಜೋಡಿ ಎಳ್ದು ಕೊಟ್ಟಿದ್ದೆ. ಮಕ್ಳ ಕೆಲ್ಸ ನಿಲ್ಬಾರ್ದು ಹೇಳಿ. ಬರ್ದು ಇಡೂದು ಉಳೀತು." ನಮ್ಮ ಕಡೆಯ ಜಾಯಿಂಟರುಗಳ ಕ್ರಮವೇ ಹಾಗೆ. ಮಳೆಗಾಲದಲ್ಲಿ ಮೊದಲು ಲೈನ್ ಜೀವ ಮಾಡುವುದು, ಕಾಗದ ಆಮೇಲೆ. ಆ ಆಮೇಲೆ ಬರುವುದೇ ಇಲ್ಲ. ಊರಿನ ನಿಜವಾದ ನಕ್ಷೆ ಅವರ ತಲೆಯಲ್ಲಿ ಇರುತ್ತದೆ. ಆ ಜೋಡಿಯನ್ನೂ ಅವರು ಹೊಸ ಯಂತ್ರಕ್ಕೆ ಕೂಡಿಸಿಕೊಟ್ಟರು. ಅದನ್ನು ಗುಂಪಿಗೆ ಸೇರಿಸುವ ಕೆಲಸ ನನ್ನದು, ನನ್ನ ಲ್ಯಾಪ್‌ಟಾಪಿನಲ್ಲಿ.

ನಾನು ನಕ್ಷೆ ನೋಡಿ ಹನ್ನೆರಡನ್ನು ಹಾಕಿದ್ದೆ. ಹದಿಮೂರನೇದನ್ನು ಸೇರಿಸಬೇಕೆಂದರೆ ಯಂತ್ರಕ್ಕೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು, ಅರ್ಧ ದಿನದ ಕೆಲಸ. ಇವತ್ತು ಮಾಡಿದರಾಯಿತು, ನಾಳೆ ಮಾಡಿದರಾಯಿತು ಅಂತ ದಿನ ತಳ್ಳಿದೆ. ದೊಡ್ಡ ಸಾಹೇಬರು ನೋಡಲು ಬರುವುದು ಸೋಮವಾರ ಅಂತ ಆಯಿತು. ಶನಿವಾರ ಸಂಜೆ ನಾಲ್ಕೂಮುಕ್ಕಾಲಿಗೆ, ನಾನು ಬಸ್ಸಿಗೆ ಓಡುವ ಗಡಿಬಿಡಿಯಲ್ಲಿದ್ದಾಗ ಬೀರಣ್ಣ ಕೇಳಿದರು.

"ಶಾಲೆದು ಹಾಕಿದ್ಯಲಾ ತಂಗಿ?"

"ಹಾಕಿದೆ, ಹಾಕಿದೆ" ಅಂದೆ.

ಸುಳ್ಳು. ಹೇಳುವಾಗ ಅದು ಸುಳ್ಳು ಅಂತಲೂ ಅನ್ನಿಸಲಿಲ್ಲ. ಸೋಮವಾರ ಬೇಗ ಬಂದು ಹಾಕುತ್ತೇನಲ್ಲ, ಅಂದಮೇಲೆ ಹಾಕಿದ ಹಾಗೇ ಅಂತ ಮನಸ್ಸು ಲೆಕ್ಕ ಹಾಕಿತ್ತು.

ಭಾನುವಾರ ಬೀರಣ್ಣ ಊರಲ್ಲೇ ಇದ್ದು ಫೋನ್ ಮಾಡಿದರು. ಹನ್ನೆರಡು ಮನೆಯಲ್ಲೂ ಒಂದೇ ಹೊತ್ತಿಗೆ ವಿಡಿಯೋ ಓಡುತ್ತಿದೆ, ಎಲ್ಲೂ ನಿಲ್ಲುತ್ತಿಲ್ಲ. ಸಾವಿತ್ರಕ್ಕ ಹುಬ್ಬಳ್ಳಿಯಲ್ಲಿದ್ದ ತಂಗಿಯ ಮುಖ ನೋಡಿ ಮಾತಾಡಿದರಂತೆ. "ಮುಖ ತೊಳೂವಷ್ಟು ಚೊಕ್ಕ ಕಾಣ್ತದೆ" ಅಂದರಂತೆ. ಬೀರಣ್ಣನ ದನಿಯಲ್ಲಿ ಅಂಥ ಖುಷಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಎಲ್ಲ ಸರಿ ಇದೆಯಲ್ಲ, ಶಾಲೆಯ ಒಂದು ಜೋಡಿಯಿಂದ ಏನಾಗುತ್ತದೆ ಅಂತ ನಾನೂ ಆರಾಮಾದೆ. ಭಾನುವಾರ ಶಾಲೆಗೆ ರಜೆ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಸೋಮವಾರ ಹಟ್ಟಿಕೇರಿ ಹತ್ತಿರ ಮರ ಬಿದ್ದು ಬಸ್ಸು ತಡವಾಯಿತು. ನಾನು ತಲುಪುವುದಕ್ಕೂ ಸಾಹೇಬರ ಜೀಪು ಬರುವುದಕ್ಕೂ ಸರಿಹೋಯಿತು.

ಹತ್ತು ಗಂಟೆಗೆ ಶುರು ಮಾಡಿದೆವು. ಮೊದಲ ಮನೆಯಲ್ಲಿ ವಿಡಿಯೋ ನಿಂತಿತು. ಎರಡನೆಯದರಲ್ಲೂ ನಿಂತಿತು. ಐದು ನಿಮಿಷದಲ್ಲಿ ಹನ್ನೆರಡು ಮನೆಯೂ ಠುಸ್. ಜೀಪಿನ ಪಕ್ಕ ಜನ ಸೇರಿದ್ದರು. ಸಾಹೇಬರು ಇಂಗ್ಲಿಷಿನಲ್ಲಿ, "ಏನಿದು?" ಅಂತ ನನ್ನ ಕಡೆ ತಿರುಗಿದರು. ಅದೇನು ಬಂತೋ ಬಾಯಿಗೆ, "ಜಾಯಿಂಟ್ ದೋಷ ಸಾರ್, ಹಳೇ ಜಾಯಿಂಟುಗಳು" ಅಂದುಬಿಟ್ಟೆ.

ಬೀರಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ಇಂಗ್ಲಿಷ್ ಬಾರದಿದ್ದರೂ ಜಾಯಿಂಟ್ ಅನ್ನುವ ಮಾತು ಅವರಿಗೆ ಗೊತ್ತಿಲ್ಲವೇ? ಅವರು ನನ್ನನ್ನು ನೋಡಲಿಲ್ಲ. ತಮ್ಮ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. ಊರಿನ ಯಾರೋ ಹಿಂದಿನಿಂದ, "ಬೀರಣ್ಣಂಗೆ ವಯಸ್ಸಾಯ್ತು" ಅಂದರು. ಇಡೀ ಊರ ಎದುರಿಗೆ.

ಮೂರು ದಿನ ಯಂತ್ರದ ದಾಖಲೆ ಕೆದಕಿದೆ. ವೇಗ ಬೀಳುವುದು ದಿನಾ ಬೆಳಿಗ್ಗೆ ಹತ್ತಕ್ಕೆ, ಏಳುವುದು ಸಂಜೆ ನಾಲ್ಕೂವರೆಗೆ. ಹೆಡ್ ಮಾಸ್ತರರು ಆಫೀಸು ತೆಗೆದು ಕಂಪ್ಯೂಟರ್ ಹಾಕುವ ಹೊತ್ತು, ಮುಚ್ಚುವ ಹೊತ್ತು. ಬ್ಯಾಗಿನ ಒಳಖಾನೆಯಲ್ಲಿ ಒದ್ದೆಯಾಗಿ ಅಂಟಿಕೊಂಡಿದ್ದ ಬೀಡಿ ಕಾಗದ ತೆಗೆದು ನೋಡಿದೆ. ನಂಬರು ಇನ್ನೂ ಅಳಿಸಿರಲಿಲ್ಲ. ಗುಂಪಿನ ಹೊರಗೆ ನಿಂತು ಕೂಗುತ್ತಿದ್ದದ್ದು ಆ ಹದಿಮೂರನೇ ಜೋಡಿಯೇ. ಜಾಯಿಂಟಿನಲ್ಲಿ ಏನೂ ಇರಲಿಲ್ಲ.

ಆಗಲೇ ಹೇಳಬಹುದಿತ್ತು. ಅರ್ಧ ದಿನ ಕೂತು ಸೇರಿಸಿದ್ದರೆ ಎಲ್ಲ ಸರಿಯಾಗುತ್ತಿತ್ತು. ಆದರೆ ಸರಿಯಾದರೆ ಸಾಹೇಬರು ಕೇಳುತ್ತಾರೆ, ಮೊದಲು ಯಾಕೆ ಆಗಲಿಲ್ಲ ಅಂತ. ವರದಿ ಆಗಲೇ ಹೋಗಿತ್ತು. ಅದರಲ್ಲಿ "ಹಳೆಯ ಜೋಡಣೆಗಳ ದೋಷ" ಎಂಬ ಮಾತು ಇತ್ತು, ಕೆಳಗೆ ನನ್ನ ಸಹಿ ಇತ್ತು. ಪ್ರೊಬೇಷನ್ನಿನ ಹುಡುಗಿ ಸುಳ್ಳು ವರದಿ ಕೊಟ್ಟಳು ಅಂತಾದರೆ ನೌಕರಿಯ ಗತಿ? ಹೆದರಿದೆ. ಬೇರೆ ಏನೂ ಕಾರಣವಿಲ್ಲ. ನಾನು ಹೇಡಿ. ಮನೆಯಲ್ಲಿ ಆಯಿಗೆ ಮಾತ್ರ ಹೇಳಿದೆ. ಆಯಿ ಕೈಯಲ್ಲಿದ್ದ ಸೌಟು ಇಳಿಸಿ, "ಸಾಂಗೂನ್ ಸೋಡ್ ಗೋ" ಅಂದಳು. ಹೇಳಿಬಿಡೇ ಅಂತ. ನಾಳೆ ಹೇಳ್ತೇನೆ ಅಂದೆ.

ಮರುದಿನ ಮಂಜಗುಣಿಗೆ ಹೋದರೆ ಬೀರಣ್ಣ ಮೊದಲ ಜಾಯಿಂಟು ಬಿಚ್ಚಿ ಕೂತಿದ್ದರು. ಯಾರೂ ಹೇಳಿರಲಿಲ್ಲ. ತಮ್ಮ ತಪ್ಪು ತಾವೇ ಹುಡುಕುತ್ತೇನೆ ಅಂತ. ನೂರು ತಂತಿ ಬಿಡಿಸಿ, ಒರೆಸಿ, ಒಂದೊಂದೇ ಪರೀಕ್ಷಿಸಿ, ಮತ್ತೆ ಕೂಡಿಸುವುದು. ಒಂದು ಜಾಯಿಂಟಿಗೆ ಎರಡು ದಿನ ಹಿಡಿಯುತ್ತಿತ್ತು. ಮೇಲಿಂದ ಆಗಸ್ಟಿನ ಮಳೆ. ಗುಂಡಿಯೊಳಗೆ ಮೊಣಕಾಲವರೆಗೆ ಕೆಂಪು ನೀರು. ನಾನು ಛತ್ರಿ ಹಿಡಿದು ಅವರ ತಲೆ ಮೇಲೆ ನಿಂತೆ. ಅಷ್ಟೇ ನನ್ನ ಕೈಲಾದದ್ದು.

"ಇದೂ ಸರಿ ಅದೆ ತಂಗಿ" ಅನ್ನುತ್ತಿದ್ದರು ಪ್ರತಿ ಸಲ. "ಎಲ್ಲಿ ತಪ್ಪಿದ್ನೋ ಗೊತ್ತಾಗೂದಿಲ್ಲ. ಕಣ್ಣು ಮೋಸ ಮಾಡ್ತು ಕಾಣ್ತದೆ."

"ಸಾಕು ಬೀರಣ್ಣ, ಬಿಡಿ, ಆದದ್ದಾಯ್ತು" ಅನ್ನುತ್ತಿದ್ದೆ. ಬಾಯಿ ತುದಿಗೆ ಬಂದದ್ದು ನುಂಗುತ್ತಿದ್ದೆ. ನಾಲ್ಕನೇ ಜಾಯಿಂಟಿನ ದಿನ ಅವರೇ ಕೇಳಿದರು. "ಶಾಲೆದು ಏನಾದ್ರೂ...?" ಅಂತ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, ನಾಲಿಗೆ ಕಚ್ಚಿಕೊಂಡರು. "ಇಲ್ಲ ಬಿಡು. ಅದು ನೀ ಹಾಕಿದೆ ಅಂದಿದ್ಯಲಾ." ಕೇಳಿದ್ದಕ್ಕೇ ಅವರಿಗೆ ನಾಚಿಕೆಯಾದಂತಿತ್ತು. ಹೌದು ಅಂದೆ ನಾನು. ಎರಡನೇ ಸಲ. ಈ ಸಲ ಸುಳ್ಳು ಅಂತ ಚೆನ್ನಾಗಿ ಗೊತ್ತಿದ್ದೇ ಅಂದೆ.

ಒಂಬತ್ತೂ ಬಿಚ್ಚಿದರು. ಒಂಬತ್ತೂ ಸರಿ ಇದ್ದವು. ತಪ್ಪು ಸಿಕ್ಕಿದ್ದರೆ ಆ ಮನುಷ್ಯ ಬದುಕಿಕೊಳ್ಳುತ್ತಿದ್ದರು. ಸಿಗದೇ ಹೋದದ್ದು ಅವರನ್ನು ಕೊರೆಯಿತು. ಇಲಾಖೆಯವರು ಯಂತ್ರ ಬಿಚ್ಚಿ ಕಾರವಾರಕ್ಕೆ ಸಾಗಿಸಿದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರಿನಲ್ಲಿ ಮೆಮೋ ಬಂತು. ಜೋಡಣೆ ದೋಷಕ್ಕೆ ಸಮಜಾಯಿಷಿ ಕೊಡಬೇಕು ಅಂತ ಇಂಗ್ಲಿಷಿನಲ್ಲಿ. ಬೀರಣ್ಣ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟು, ಅಂಕೋಲೆಯ ಆಫೀಸಿಗೆ ನನ್ನ ಮೇಜಿನ ಹತ್ತಿರ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತಂಗಿ, ಇದಕ್ಕೆ ಉತ್ರ ಬರ್ದು ಕೊಡು. ನಂಗೆ ನೀ ಬಿಟ್ರೆ ಯಾರದಾರೆ ಇಲ್ಲಿ?"

"ಏನಂತ ಬರೀಲಿ?"

"ಖರೆ ಇದ್ದದ್ದೇ ಬರಿ. ನನ್ನ ಕೈಯಿಂದ ತಪ್ಪಾಗ್ಯದೆ, ಎಲ್ಲಿ ಹೇಳಿ ಸಿಗ್ಲಿಲ್ಲ, ಕ್ಷಮಿಸ್ಬೇಕು, ಹೇಳಿ ಬರಿ."

ದೇವರೇ, ನಾನು ಬರೆದೆ. ನನ್ನ ಈ ಕೈಯಿಂದಲೇ ಟೈಪ್ ಮಾಡಿದೆ. ಒಂದು ಅಕ್ಷರ ತಪ್ಪಿಲ್ಲದೆ, ಚಂದದ ಇಂಗ್ಲಿಷಿನಲ್ಲಿ. ಓದಿ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಪೆನ್ನು ಒತ್ತಿ ಹಿಡಿದು, ನಿಧಾನ ಸಹಿ ಹಾಕಿದರು. "ಚಲೋ ಬರ್ದೆ" ಅಂದರು. ಹೋಗುವಾಗ ಸಾವಿತ್ರಕ್ಕ ಕಳಿಸಿದ್ದ ಹಲಸಿನ ಹಪ್ಪಳದ ಕಟ್ಟು ಮೇಜಿನ ಮೇಲೆ ಇಟ್ಟು ಹೋದರು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಏನು ಬಂತು? ಕಾಗದ ಮಾರನೇ ದಿನ ಹೋಯಿತು.

ಅಲ್ಲಿ ಇರಲಾಗದೆ ನಾನೇ ಕೇಳಿಕೊಂಡು ಕಾರವಾರಕ್ಕೆ ವರ್ಗ ಮಾಡಿಸಿಕೊಂಡೆ. ದೀಪಾವಳಿಗೆ ಬೀರಣ್ಣನ ಬೀಳ್ಕೊಡುಗೆ. ಕರೆದಿದ್ದರು, ಜ್ವರ ಅಂದೆ. ಹೋದವರು ಹೇಳಿದರು: ಶಾಲು ಹೊದಿಸಿ ಎರಡು ಮಾತಾಡಿ ಅಂದಾಗ, "ಕಡೀಗೊಂದು ತಪ್ಪು ಮಾಡಿ ಹೋಗ್ತಿದ್ದೇನೆ, ಮನಸ್ನಲ್ಲಿ ಇಟ್ಕಳಬೇಡಿ" ಅಂದು ಕೂತುಬಿಟ್ಟರಂತೆ. ನಂತರ ಊರಲ್ಲಿ ಯಾರದಾದರೂ ಫೋನ್ ಕೆಟ್ಟರೂ, ಕರೆಂಟು ಹೋದರೂ ಅವರು ಕೈ ಹಾಕುತ್ತಿರಲಿಲ್ಲವಂತೆ. "ನನ್ನ ಕೈ ಸಮ ಇಲ್ಲ" ಅನ್ನುತ್ತಿದ್ದರಂತೆ. ಎರಡು ವರ್ಷದ ಹಿಂದೆ ಹೃದಯ ನಿಂತು ಹೋದರು. ಸುದ್ದಿ ಅದೇ ದಿನ ಬಂತು. ಆಗಲೂ ಹೋಗಲಿಲ್ಲ ನಾನು.

ಮೊನ್ನೆ ಕೋಡಿಬಾಗದಲ್ಲಿ ಆ ವಾಸನೆ ಬಡಿದ ಮೇಲೆ ಆಫೀಸಿಗೆ ರಜೆ ಹೇಳಿ, ಅಂಕೋಲೆ ಬಸ್ಸು ಹತ್ತಿ, ಅಲ್ಲಿಂದ ಟೆಂಪೋ ಹಿಡಿದು ಮಂಜಗುಣಿಗೆ ಹೋದೆ. ಸಾವಿತ್ರಕ್ಕ ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದರು. ಕೂದಲು ಪೂರ್ತಿ ಬಿಳಿ. ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, "ಓ, ಗುಬ್ಬಿ ಊಟದವಳು" ಅಂದರು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ನಿಂತೇ ಹೇಳಿದೆ. ಶಾಲೆಯ ಜೋಡಿ, ಶನಿವಾರದ ಸುಳ್ಳು, ವರದಿ, ಆ ಕಾಗದ, ಒಂದನ್ನೂ ಬಿಡಲಿಲ್ಲ. "ಬೀರಣ್ಣನ ತಪ್ಪು ಏನೂ ಇರಲಿಲ್ಲ ಅಕ್ಕಾ. ಎಲ್ಲ ನನ್ನದೇ" ಅಂದೆ. ಅವರು ಸಿಪ್ಪೆ ಮಗುಚುವುದು ನಿಲ್ಲಿಸಲಿಲ್ಲ. ಸಾಲು ಮುಗಿಸಿ, ಸೊಂಟ ನೆಟ್ಟಗೆ ಮಾಡಿ, ಕೆಂಪಾದ ಕೈ ಸೀರೆಗೆ ಒರೆಸಿಕೊಂಡರು.

"ನಂಗೆ ಆವತ್ತೇ ಗೊತ್ತಾಗಿತ್ತು" ಅಂದರು. "ದಿನಾ ಬಂದು ಕೊಡೆ ಹಿಡ್ಕಂಡು ನಿಲ್ತಿದ್ಯಲಾ. ಉಂಬೂಕೆ ಕರೆದ್ರೆ ನನ್ನ ಮುಖ ನೋಡ್ತಿರ್ಲಿಲ್ಲ ನೀನು. ಅವ್ರ ಹತ್ರ ಹೇಳ್ದೆ, ಆ ಹುಡುಗಿ ಎಂತದೋ ಮುಚ್ಚಿಡ್ತದೆ, ಒಂದ್ಸಲ ಗಟ್ಟಿಯಾಗಿ ಕೇಳಿ ಅಂತ. ಅವ್ರು ನನ್ನ ಮೇಲೇ ಏರಿ ಬಂದ್ರು. ಆ ಹುಡುಗಿ ಮೇಲೆ ಸಂಶಯ ಪಟ್ಟೆ ಹೇಳಿ ಎಂಟು ದಿನ ನನ್ನ ಸಂಗ್ತಿ ಮಾತು ಬಿಟ್ರು. ಲಗ್ನ ಆಗಿ ಬಂದಾಗಿಂದ ಒಂದಿನ ಮಾತು ಬಿಟ್ಟವ್ರಲ್ಲ ಅವ್ರು." ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಆ ಎಂಟು ದಿನ ನಂಗೆ ಎಲ್ಲಿಂದ ತಂದು ಕೊಡ್ತಿ ತಂಗಿ?"